ಗೋಲಿಯಾಟವೂ ನೀತಿಪಾಠವೂ

ಮಕ್ಕಳಿಗೆ ಶಾಲೆಯಲ್ಲಿ ನೀತಿಯನ್ನು ಕಲಿಸಬೇಕು ಎಂಬ ಮಾತನ್ನು ಒಪ್ಪದವರು ನಮ್ಮಲ್ಲಿ ಯಾರೂ ಇರಲಾರರು. ಹೇಗೆ ಕಲಿಸಬೇಕು ಎಂದು ಕೇಳಿದಾಗ ಮಾತ್ರ ಮನೆಯವರು ಶಾಲೆಯ ಕಡೆಗೂ ಶಾಲೆಯವರು ಮನೆಯ ಕಡೆಗೂ ಬೆರಳು ತೋರಿಸುತ್ತಾರೆ. ಕೊನೆಗೆ ವೇಳಾಪಟ್ಟಿಯಲ್ಲಿ ವಾರಕ್ಕೊಂದು ಪೀರಿಯಡ್ಡನ್ನು ಗುರುತುಮಾಡಿ, ಅದಕ್ಕೆ ನೀತಿಪಾಠವೆಂದು ಹೆಸರಿಟ್ಟು, ಒಂದು ಕಥೆಯನ್ನು ಓದಿಸಿ, 'ಈ ಕಥೆಯ ನೀತಿಯೇನು?' ಎಂದು ಕೇಳಿ, ಉತ್ತರವನ್ನು ಬರೆಸಿ, ಕರ್ತವ್ಯ ಮುಗಿಯಿತೆಂದುಕೊಳ್ಳುವುದುಂಟು. ಹುಡುಗನೂ 'ಸತ್ಯವನ್ನೇ ನುಡಿಯಬೇಕು' ಎಂದು ದುಂಡಗೆ ಬರೆದು ಪೂರ್ತಿ ಅಂಕ ಪಡೆಯುತ್ತಾನೆ. ಮುಂದಿನ ಪೀರಿಯಡ್ಡಿಗೆ ತಾನು ಮಾಡದ ಲೆಕ್ಕವನ್ನು ಪಕ್ಕದವನ ಪುಸ್ತಕದಿಂದ ಇಳಿಸಿಕೊಂಡು, 'ನಾನೇ ಮಾಡಿದೆ ಸಾರ್' ಎನ್ನುತ್ತಾನೆ.

ಈ ಹುಡುಗ ಕೆಟ್ಟವನೇ? ಅಲ್ಲ. ಕಥೆಯ ನೀತಿಯನ್ನು ಅವನು ತಿಳಿಯದೆ ಬರೆದನೇ? ಅದೂ ಅಲ್ಲ. ಹಾಗಾದರೆ ಬಲ್ಲ ನೀತಿಗೂ ಬಾಳುವ ನೀತಿಗೂ ನಡುವೆ ಈ ಅಂತರ ಎಲ್ಲಿಂದ ಬಂತು? ಮಕ್ಕಳ ಮನಸ್ಸಿನಲ್ಲಿ 'ಇದು ಸರಿ, ಇದು ತಪ್ಪು' ಎಂಬ ಅರಿವು ಹೇಗೆ ಹುಟ್ಟಿ ಬೆಳೆಯುತ್ತದೆ? ಈ ಹೊತ್ತು ನಿಮ್ಮೊಡನೆ ವಿಚಾರ ಮಾಡಬೇಕೆಂದಿರುವುದು ಇದನ್ನೇ.

ಈ ಅಂತರ ನಮ್ಮ ದೇಶದ ಮಕ್ಕಳಿಗೆ ಮಾತ್ರ ಸೇರಿದುದಲ್ಲ. ಅಮೆರಿಕದಲ್ಲಿ ಹಾರ್ಟ್‌ಷಾರ್ನ್ ಮತ್ತು ಮೇ ಎಂಬ ಇಬ್ಬರು ವಿದ್ವಾಂಸರು ಸುಮಾರು ಹನ್ನೊಂದು ಸಾವಿರ ಶಾಲಾಮಕ್ಕಳನ್ನು ಪರೀಕ್ಷಿಸಿ, ೧೯೨೮ರಿಂದ ೧೯೩೦ರ ವರೆಗೆ ತಮ್ಮ ಫಲಿತಾಂಶಗಳನ್ನು ಸಂಪುಟಗಳಾಗಿ ಪ್ರಕಟಿಸಿದರು. ಅವರು ಮಕ್ಕಳಿಗೆ ಬರಿಯ ಪ್ರಶ್ನೆ ಕೇಳಿ ಸುಮ್ಮನಾಗಲಿಲ್ಲ. ಮೋಸಮಾಡಲು ಅವಕಾಶವನ್ನೂ ಕೊಟ್ಟು ನೋಡಿದರು. ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದಿಕೊಳ್ಳಲು ಬಿಟ್ಟಾಗ ಮಗು ಏನು ಮಾಡುತ್ತದೆ, ಚಿಲ್ಲರೆ ಕಾಸಿರುವ ಪೆಟ್ಟಿಗೆಯನ್ನು ಕೈಗೆ ಕೊಟ್ಟಾಗ ಏನು ಮಾಡುತ್ತದೆ ಎಂದು ಪರಿಶೀಲಿಸಿದರು. ಮಕ್ಕಳನ್ನು ಪ್ರಾಮಾಣಿಕರು, ಅಪ್ರಾಮಾಣಿಕರು ಎಂದು ಎರಡು ಗುಂಪಾಗಿ ವಿಂಗಡಿಸುವುದು ಅವರಿಂದ ಆಗಲಿಲ್ಲ. ಪರೀಕ್ಷೆಯಲ್ಲಿ ಮೋಸಮಾಡಿದ ಮಗು ಆಟದಲ್ಲಿ ನೆಟ್ಟಗಿತ್ತು. ಆಟದಲ್ಲಿ ಮೋಸಮಾಡಿದ್ದು ಹಣದ ವಿಷಯದಲ್ಲಿ ನೆಟ್ಟಗಿತ್ತು. ಮುಖ್ಯವಾದ ಸಂಗತಿಯೆಂದರೆ, ನೀತಿಯ ಪ್ರಶ್ನೆಗಳಿಗೆ ಸರಿಯಾದ ಉತ್ತರ ಬಲ್ಲುದಕ್ಕೂ ಸರಿಯಾಗಿ ನಡೆದುಕೊಳ್ಳುವುದಕ್ಕೂ ಇದ್ದ ಸಂಬಂಧ ಬಹಳ ತೆಳುವಾದದ್ದು. ಬಾಯಿಪಾಠದ ನೀತಿ ಬಾಯಲ್ಲಿಯೇ ಉಳಿಯುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದಕ್ಕೆ ಲೆಕ್ಕಾಚಾರದ ಬೆಂಬಲ ದೊರೆತಂತಾಯಿತು.

ಇಷ್ಟರಿಂದ ಉಪದೇಶ ಸಾಲದೆಂದು ಗೊತ್ತಾಯಿತೇ ಹೊರತು, ಮತ್ತೇನು ಬೇಕೆಂದು ಗೊತ್ತಾಗಲಿಲ್ಲ. ಆ ದಾರಿಯನ್ನು ತೋರಿಸಿದವರು ಸ್ವಿಟ್ಜರ್ಲೆಂಡಿನ ಝಾನ್ ಪಿಯಾಜೆ. ೧೮೯೬ರಲ್ಲಿ ನೂಷಾಟೆಲ್ ಎಂಬ ಊರಿನಲ್ಲಿ ಹುಟ್ಟಿ ೧೯೮೦ರಲ್ಲಿ ಜಿನೀವಾದಲ್ಲಿ ತೀರಿಕೊಂಡ ಇವರು ಮೊದಲು ಪ್ರಾಣಿಶಾಸ್ತ್ರದ ವಿದ್ಯಾರ್ಥಿ. ಶಂಖ, ಬಸವನಹುಳುಗಳ ಜಾತಿಯ ಜೀವಿಗಳನ್ನು ಕುರಿತು ಡಾಕ್ಟರೇಟು ಪಡೆದವರು. ಆಮೇಲೆ ಪ್ಯಾರಿಸಿನಲ್ಲಿ ಮಕ್ಕಳ ಬುದ್ಧಿಪರೀಕ್ಷೆಗಳ ಕೆಲಸಕ್ಕೆ ಹೋದಾಗ, ಮಕ್ಕಳ ಸರಿಯುತ್ತರಗಳಿಗಿಂತ ತಪ್ಪು ಉತ್ತರಗಳೇ ಅವರ ಮನಸ್ಸನ್ನು ಸೆಳೆದುವು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯಾಗಿ ತಪ್ಪುತ್ತಾರೆ; ಎಂದಮೇಲೆ ಆ ತಪ್ಪಿನ ಹಿಂದೆ ಒಂದು ಕ್ರಮವಿರಬೇಕು, ಮಗುವಿಗೆ ತನ್ನದೇ ಆದ ಒಂದು ಆಲೋಚನೆಯ ಧಾಟಿ ಇರಬೇಕು ಎಂದು ಅವರು ಊಹಿಸಿದರು. ಅವರ ಜೀವಮಾನದ ಕೆಲಸವೆಲ್ಲ ಈ ಊಹೆಯ ವಿಸ್ತಾರ. ಮಕ್ಕಳ ನೀತಿವಿವೇಚನೆಯನ್ನು ಕುರಿತ ಅವರ ಪುಸ್ತಕ ಹೊರಬಂದದ್ದು ೧೯೩೨ರಲ್ಲಿ.

ನೀತಿಯನ್ನು ಅರಸಿಕೊಂಡು ಪಿಯಾಜೆ ಹೋದದ್ದು ಎಲ್ಲಿಗೆ ಎಂದುಕೊಂಡಿರಿ? ಪ್ರಾರ್ಥನಾಮಂದಿರಕ್ಕಲ್ಲ, ತರಗತಿಗೂ ಅಲ್ಲ. ಹುಡುಗರು ಗೋಲಿಯಾಡುವ ಕಡೆಗೆ. ಜಿನೀವಾ ಮತ್ತು ನೂಷಾಟೆಲ್‌ಗಳ ಹುಡುಗರ ಜೊತೆ ನೆಲದಲ್ಲಿ ಕುಳಿತು, 'ಚಿಕ್ಕವನಾಗಿದ್ದಾಗ ನಾನೂ ಆಡುತ್ತಿದ್ದೆ, ಈಗ ಮರೆತಿದೆ, ಹೇಳಿಕೊಡಪ್ಪಾ' ಎಂದು ಅವರನ್ನೇ ಗುರುಗಳನ್ನಾಗಿ ಮಾಡಿಕೊಂಡರು. ಗೋಲಿಯಾಟವನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಆ ಆಟದ ನಿಯಮಗಳನ್ನು ಯಾವ ಮೇಷ್ಟರೂ ಕಲಿಸುವುದಿಲ್ಲ. ದೊಡ್ಡ ಹುಡುಗರಿಂದ ಚಿಕ್ಕ ಹುಡುಗರಿಗೆ ಇಳಿದು ಬರುತ್ತವೆ. ಬೀದಿಗೊಂದು ಬಗೆ, ಊರಿಗೊಂದು ಬಗೆ. ಗೋಲಿ, ಬುಗುರಿ, ಚಿನ್ನಿದಾಂಡು ಆಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳೇ ಮಾಡಿ ಮಕ್ಕಳೇ ನಡೆಸುವ ಒಂದು ಪುಟ್ಟ ಕಾನೂನಿನ ರಾಜ್ಯ ಅದು.

ಪಿಯಾಜೆ ಪ್ರತಿಯೊಬ್ಬ ಹುಡುಗನಲ್ಲಿಯೂ ಎರಡು ಸಂಗತಿಗಳನ್ನು ಗಮನಿಸಿದರು. ಒಂದು, ಅವನು ನಿಯಮಗಳನ್ನು ಹೇಗೆ ಪಾಲಿಸುತ್ತಾನೆ; ಇನ್ನೊಂದು, ನಿಯಮಗಳ ವಿಷಯದಲ್ಲಿ ಏನು ತಿಳಿದಿದ್ದಾನೆ. ಐದಾರು ವರ್ಷದವನಿಗೆ ನಿಯಮವೆಂದರೆ ಬಹು ಗೌರವ. 'ಈ ನಿಯಮ ಯಾರು ಮಾಡಿದರು?' ಎಂದರೆ 'ಅಪ್ಪ', 'ಊರಿನ ದೊಡ್ಡವರು', 'ದೇವರು' ಎಂಬಂಥ ಉತ್ತರಗಳು ಬರುತ್ತವೆ. 'ಬದಲಾಯಿಸಬಹುದೇ?' ಎಂದರೆ 'ಕೂಡದು, ಅದು ಮೋಸವಾಗುತ್ತದೆ' ಎನ್ನುತ್ತಾನೆ. ಆದರೆ ಅದೇ ಹುಡುಗ ಆಡುವುದನ್ನು ನೋಡಿ! ಗೆರೆ ಮೀರುತ್ತಾನೆ, ಸರದಿ ಮರೆಯುತ್ತಾನೆ, ಪಕ್ಕದವನು ಹೇಗೆ ಆಡಿದನೆಂದು ನೋಡುವುದೇ ಇಲ್ಲ. ಆಟ ಮುಗಿದಾಗ ಇಬ್ಬರೂ 'ನಾನೇ ಗೆದ್ದೆ' ಎಂದು ಸಂತೋಷವಾಗಿ ಎದ್ದು ಹೋಗುತ್ತಾರೆ.

ಹತ್ತು, ಹನ್ನೆರಡು ವರ್ಷದವನ ಸಂಗತಿ ಬೇರೆ. ನಿಯಮವನ್ನು ಹುಡುಗರೇ ಮಾಡಿಕೊಂಡದ್ದೆಂದು ಅವನು ಬಲ್ಲ. ಎಲ್ಲರೂ ಒಪ್ಪಿದರೆ ಬದಲಾಯಿಸಬಹುದೆಂದೂ ಬಲ್ಲ. ಹೀಗೆ ನಿಯಮದಿಂದ ದೇವರ ಮುದ್ರೆಯೂ ಅಪ್ಪನ ಮುದ್ರೆಯೂ ಅಳಿಸಿಹೋದಮೇಲೆ, ಆಶ್ಚರ್ಯವೆಂಬಂತೆ, ಅದನ್ನು ಅಕ್ಷರಶಃ ಪಾಲಿಸತೊಡಗುತ್ತಾನೆ. ಯಾರಾದರೂ ಕಳ್ಳಾಟ ಆಡಿದರೆ ಸುಮ್ಮನೆ ಬಿಡುವವನಲ್ಲ.

ಈ ವಿಚಿತ್ರವನ್ನು ತುಸು ನಿಧಾನವಾಗಿ ಯೋಚಿಸಬೇಕು. ನಿಯಮ ಮೇಲಿನಿಂದ ಇಳಿದದ್ದು, ಅಲುಗಿಸಲಾಗದ್ದು ಎಂದು ನಂಬಿರುವ ಮಗು ಅದನ್ನು ಮುರಿಯುತ್ತದೆ. ನಿಯಮ ನಮ್ಮನಮ್ಮೊಳಗಿನ ಒಪ್ಪಂದ ಎಂದು ತಿಳಿದ ಮಗು ಅದನ್ನು ಕಾಯುತ್ತದೆ. ಹೊರಗಿನಿಂದ ಬಂದ ನಿಯಮ ಎಷ್ಟೇ ಪೂಜ್ಯವಾಗಿರಲಿ, ಹೊರಗೇ ನಿಂತಿರುತ್ತದೆ. ಗೆಳೆಯರ ಜೊತೆ ಜಗಳವಾಡಿ, ವಾದ ಮಾಡಿ, ಸೋತು, ಒಪ್ಪಿ ಮಾಡಿಕೊಂಡ ನಿಯಮ ಒಳಕ್ಕೆ ಇಳಿಯುತ್ತದೆ. ನೀತಿಶಿಕ್ಷಣವನ್ನು ಕುರಿತು ಆಮೇಲೆ ನಡೆದ ಚರ್ಚೆಯಲ್ಲಿ ಬಹು ಪಾಲು ಈ ಒಂದು ಮಾತಿನ ಸುತ್ತ ಬೆಳೆದದ್ದು.

ಪಿಯಾಜೆ ಮಕ್ಕಳಿಗೆ ಚಿಕ್ಕ ಚಿಕ್ಕ ಕಥೆಗಳನ್ನು ಹೇಳಿ, ಯಾರದು ಹೆಚ್ಚು ತಪ್ಪು ಎಂದು ಕೇಳುತ್ತಿದ್ದರು. ಅವುಗಳಲ್ಲಿ ಮೂರನ್ನು ನಿಮ್ಮ ಮುಂದಿಡುತ್ತೇನೆ.

ಒಬ್ಬ ಹುಡುಗನನ್ನು ಊಟಕ್ಕೆ ಕರೆಯುತ್ತಾರೆ. ಅವನು ಬಾಗಿಲು ತಳ್ಳುತ್ತಾನೆ. ಬಾಗಿಲ ಹಿಂದೆ ಕುರ್ಚಿ, ಕುರ್ಚಿಯ ಮೇಲೆ ತಟ್ಟೆಯಲ್ಲಿ ಹದಿನೈದು ಬಟ್ಟಲುಗಳು, ಅವನಿಗದು ಗೊತ್ತಿಲ್ಲ. ಹದಿನೈದೂ ಒಡೆಯುತ್ತವೆ. ಇನ್ನೊಬ್ಬ ಹುಡುಗ, ತಾಯಿ ಮನೆಯಲ್ಲಿಲ್ಲದ ಹೊತ್ತು ನೋಡಿ, ಬೀರುವಿನಲ್ಲಿದ್ದ ಜಾಮನ್ನು ಕದಿಯಲು ಕುರ್ಚಿ ಹತ್ತುತ್ತಾನೆ; ಕೈತಗಲಿ ಒಂದು ಬಟ್ಟಲು ಒಡೆಯುತ್ತದೆ. ಯಾರದು ದೊಡ್ಡ ತಪ್ಪು? ಚಿಕ್ಕ ಮಕ್ಕಳಲ್ಲಿ ಅನೇಕರು ಹದಿನೈದು ಒಡೆದವನದೇ ಎಂದರು. ದೊಡ್ಡ ಮಕ್ಕಳು ಉದ್ದೇಶವನ್ನು ನೋಡಿದರು.

ಎರಡನೆಯದು ಸುಳ್ಳಿನ ಕಥೆ. ಒಂದು ಮಗು ಬೀದಿಯಲ್ಲಿ ದೊಡ್ಡ ನಾಯಿಯನ್ನು ಕಂಡು ಹೆದರಿ ಓಡಿಬಂದು, 'ಅಮ್ಮಾ, ಹಸುವಿನಷ್ಟು ದೊಡ್ಡ ನಾಯಿ ನೋಡಿದೆ' ಎಂದಿತು. ಇನ್ನೊಂದು ಮಗು ಶಾಲೆಯಲ್ಲಿ ಅಂಕವನ್ನೇ ಕೊಡದಿದ್ದರೂ, 'ಮೇಷ್ಟರು ಒಳ್ಳೆಯ ಅಂಕ ಕೊಟ್ಟರು' ಎಂದು ಹೇಳಿ ತಾಯಿಯಿಂದ ಬಹುಮಾನ ಪಡೆಯಿತು. ಚಿಕ್ಕ ಮಕ್ಕಳ ತೀರ್ಪು ಕೇಳಿ: ನಾಯಿಯ ಸುಳ್ಳೇ ದೊಡ್ಡದು! ಏಕೆಂದರೆ ಅಷ್ಟು ದೊಡ್ಡ ನಾಯಿ ಇರುವುದೇ ಇಲ್ಲ. ಅಂಕದ ಮಾತಾದರೋ, ಮೇಷ್ಟರು ಕೊಡಬಹುದಾಗಿತ್ತು, ತಾಯಿಯೂ ನಂಬಿದಳಲ್ಲ. ಸುಳ್ಳೆಂದರೆ ಇನ್ನೊಬ್ಬರ ನಂಬಿಕೆಗೆ ಮಾಡುವ ದ್ರೋಹ ಎಂಬುದು ಆ ವಯಸ್ಸಿಗೆ ಇನ್ನೂ ಹೊಳೆದಿಲ್ಲ. ಅಂಥ ಮಗುವಿಗೆ ನಾವು 'ಸುಳ್ಳು ಹೇಳಬೇಡ' ಎಂದು ಸಾವಿರ ಸಲ ಹೇಳಿದರೂ, ನಮ್ಮ ಬಾಯಿಂದ ಹೊರಟ ಸುಳ್ಳೆಂಬ ಪದವೇ ಬೇರೆ, ಅದರ ಕಿವಿಗೆ ಬಿದ್ದ ಪದವೇ ಬೇರೆ.

ಮೂರನೆಯ ಕಥೆಯಲ್ಲಿ ಒಬ್ಬ ಹುಡುಗ ಸೇಬು ಕದ್ದು ಓಡುತ್ತಾನೆ. ಹೊಳೆಯ ಮೇಲಿನ ಹಳೆಯ ಮರದ ಸೇತುವೆಯ ಹಲಗೆ ಮುರಿದು ನೀರಿಗೆ ಬೀಳುತ್ತಾನೆ. ಕದಿಯದಿದ್ದರೆ ಬೀಳುತ್ತಿದ್ದನೇ? ಕಳ್ಳತನ ಮಾಡಿದ್ದಕ್ಕೇ ಸೇತುವೆ ಮುರಿಯಿತೆಂದು ಹೇಳಿದವರು ಆರು ವರ್ಷದ ಮಕ್ಕಳಲ್ಲಿ ನೂರಕ್ಕೆ ೮೬. ಹನ್ನೊಂದು ಹನ್ನೆರಡು ವರ್ಷದವರಲ್ಲಿ ನೂರಕ್ಕೆ ೩೪. 'ತಪ್ಪು ಮಾಡಿದರೆ ದೇವರು ಕಣ್ಣು ಕುಕ್ಕುತ್ತಾನೆ' ಎಂದು ನಾವು ಹೆದರಿಸಿದಾಗ ಚಿಕ್ಕ ಮಗು ಅದನ್ನು ಪೂರ್ತಿಯಾಗಿ ನಂಬುತ್ತದೆ. ಆದರೆ ಒಂದು ದಿನ ಕದ್ದೂ ಸೇತುವೆ ಮುರಿಯದೆ ಇದ್ದುದನ್ನು ಅದು ನೋಡುತ್ತದೆ. ಆ ಹೊತ್ತಿಗೆ ಭಯವನ್ನು ಬಿಟ್ಟು ಬೇರೆ ಆಧಾರವನ್ನು ಕೊಟ್ಟಿರದಿದ್ದರೆ ಏನು ಗತಿ?

ಪಿಯಾಜೆಯವರ ಮಾತೇ ಕೊನೆಯ ಮಾತೆಂದು ತಿಳಿಯಬೇಕಾಗಿಲ್ಲ. ಅವರ ಕಥೆಗಳಲ್ಲಿ ಒಳ್ಳೆಯ ಉದ್ದೇಶದ ಜೊತೆಗೆ ದೊಡ್ಡ ನಷ್ಟವನ್ನೂ ಕೆಟ್ಟ ಉದ್ದೇಶದ ಜೊತೆಗೆ ಸಣ್ಣ ನಷ್ಟವನ್ನೂ ಹೆಣೆದಿದ್ದುದರಿಂದ ಮಕ್ಕಳು ಗಲಿಬಿಲಿಗೊಂಡರೆಂದು ಆಮೇಲಿನವರು ತೋರಿಸಿದರು. ಉದ್ದೇಶವನ್ನು ಬಿಡಿಸಿ ಸ್ಪಷ್ಟವಾಗಿ ಹೇಳಿದರೆ ನಾಲ್ಕೈದು ವರ್ಷದವರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅಮೆರಿಕದ ಎಲಿಯಟ್ ಟ್ಯೂರಿಯೆಲ್ ಮತ್ತು ಅವರ ಸಂಗಡಿಗರು ೧೯೭೦ರ ದಶಕದಿಂದ ಈಚೆಗೆ ಇನ್ನೊಂದು ಸೊಗಸಾದ ಸಂಗತಿಯನ್ನು ಕಂಡುಹಿಡಿದರು. ಶಿಶುವಿಹಾರದ ಮಕ್ಕಳನ್ನು 'ಮೇಡಂ ಒಪ್ಪಿಗೆ ಕೊಟ್ಟರೆ ಹೀಗೆ ಮಾಡಬಹುದೇ?' ಎಂದು ಕೇಳುವುದು ಅವರ ಕ್ರಮ. ಹೇಳಿದ ಜಾಗದಲ್ಲಿ ಕೂಡದೆ ಇರುವುದು, ಸಾಮಾನನ್ನು ಅದರ ಜಾಗದಲ್ಲಿ ಇಡದೆ ಇರುವುದು ಇಂಥ ವಿಷಯಗಳಲ್ಲಿ, ಒಪ್ಪಿಗೆ ಇದ್ದರೆ ಮಾಡಬಹುದು ಎಂದರು ಮಕ್ಕಳು. ಇನ್ನೊಂದು ಮಗುವಿಗೆ ಹೊಡೆಯುವುದೋ? ಮೇಡಂ ಒಪ್ಪಿದರೂ ತಪ್ಪೇ ಎಂದರು, ಅದಕ್ಕೆ ನೋವಾಗುತ್ತದಲ್ಲ!

ಶಾಲೆಯ ಕಟ್ಟುಪಾಡಿಗೂ ನೀತಿಗೂ ಇರುವ ವ್ಯತ್ಯಾಸವನ್ನು ಇಷ್ಟು ಚಿಕ್ಕ ಮಗು ಬಲ್ಲದು. ಅದನ್ನು ಕಲಸಿಬಿಡುವವರು ದೊಡ್ಡವರು. ಕಾಲುಚೀಲದ ಬಣ್ಣ ತಪ್ಪಿದ್ದಕ್ಕೂ ಜೊತೆಯವನನ್ನು ಅವಮಾನ ಮಾಡಿದ್ದಕ್ಕೂ ಒಂದೇ ಗದರಿಕೆ, ಒಂದೇ ಶಿಕ್ಷೆ ಎಂದಾದರೆ, ಎರಡೂ ಒಂದೇ ತೂಕದವು ಎಂಬ ಪಾಠವನ್ನು ನಾವೇ ಹೇಳಿಕೊಟ್ಟಂತೆ.

ಪಿಯಾಜೆಯವರ ದಾರಿಯನ್ನು ದೊಡ್ಡ ಹುಡುಗರ ಕಡೆಗೆ ಮುಂದುವರಿಸಿದವರು ಅಮೆರಿಕದ ಲಾರೆನ್ಸ್ ಕೋಲ್‌ಬರ್ಗ್. ೧೯೨೭ರಲ್ಲಿ ಹುಟ್ಟಿದ ಇವರು ಎರಡನೆಯ ಮಹಾಯುದ್ಧ ಮುಗಿದಮೇಲೆ, ಬ್ರಿಟಿಷರ ತಡೆಯನ್ನು ಮೀರಿ ಯಹೂದಿ ನಿರಾಶ್ರಿತರನ್ನು ಪ್ಯಾಲೆಸ್ಟೈನಿಗೆ ಸಾಗಿಸಿದ ಹಡಗಿನಲ್ಲಿ ಕೆಲಸ ಮಾಡಿದ್ದರು. ಕಾನೂನನ್ನು ಮುರಿಯುವುದು ಸರಿಯಾಗುವ ಸಂದರ್ಭವುಂಟೇ ಎಂಬ ಪ್ರಶ್ನೆ ಅವರಿಗೆ ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ೧೯೫೮ರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದ ಪ್ರಬಂಧಕ್ಕಾಗಿ ಅವರು ಹತ್ತರಿಂದ ಹದಿನಾರು ವರ್ಷದ ಹುಡುಗರಿಗೆ ಉತ್ತರ ಸುಲಭವಲ್ಲದ ಕಥೆಗಳನ್ನು ಹೇಳಿದರು. ಅವುಗಳಲ್ಲಿ ಹೈನ್ಜ್ ಎಂಬವನ ಕಥೆ ಲೋಕಪ್ರಸಿದ್ಧ. ಅವನ ಹೆಂಡತಿ ಸಾವಿನ ಅಂಚಿನಲ್ಲಿದ್ದಾಳೆ. ಔಷಧವನ್ನು ಕಂಡುಹಿಡಿದವನು ಇನ್ನೂರು ಡಾಲರ್ ಖರ್ಚಿನ ಔಷಧಕ್ಕೆ ಎರಡು ಸಾವಿರ ಕೇಳುತ್ತಾನೆ. ಹೈನ್ಜ್ ಸಾಲಸೋಲ ಮಾಡಿ ಸಾವಿರ ಹೊಂದಿಸುತ್ತಾನೆ. ಅಂಗಡಿಯವನು ಜಪ್ಪಯ್ಯ ಎಂದರೂ ಒಪ್ಪುವುದಿಲ್ಲ. ಹೈನ್ಜ್ ಔಷಧವನ್ನು ಕದಿಯಬೇಕೇ, ಬೇಡವೇ?

ಕದಿಯಲಿ ಎಂದರೂ ಬೇಡ ಎಂದರೂ ಕೋಲ್‌ಬರ್ಗ್ ತಕರಾರು ಮಾಡಲಿಲ್ಲ. ಏಕೆ ಎಂದು ಕೇಳಿದರು. ಆ ಕಾರಣಗಳನ್ನು ಮೂರು ಮಟ್ಟಗಳಾಗಿಯೂ, ಒಂದೊಂದು ಮಟ್ಟದಲ್ಲಿ ಎರಡೆರಡರಂತೆ ಆರು ಮೆಟ್ಟಿಲುಗಳಾಗಿಯೂ ವಿಂಗಡಿಸಿದರು. ಕೆಳಗಿನ ಮಟ್ಟದಲ್ಲಿ 'ಸಿಕ್ಕಿಬಿದ್ದರೆ ಜೈಲು', 'ನನಗೇನು ಲಾಭ' ಎಂಬ ಲೆಕ್ಕ. ನಡುವಿನ ಮಟ್ಟದಲ್ಲಿ 'ನಾಲ್ಕು ಜನ ಏನೆಂದಾರು', 'ಕಾನೂನು ಕಾನೂನೇ' ಎಂಬ ನಿಲುವು. ಮೇಲಿನ ಮಟ್ಟದಲ್ಲಿ ಕಾನೂನು ಯಾವುದಕ್ಕಾಗಿ ಇದೆ, ಎಲ್ಲ ಮನುಷ್ಯರಿಗೂ ಸಲ್ಲಬೇಕಾದದ್ದೇನು ಎಂಬ ವಿಚಾರ. ಅದೇ ಹುಡುಗರನ್ನು ಸುಮಾರು ಇಪ್ಪತ್ತು ವರ್ಷ ಮತ್ತೆ ಮತ್ತೆ ಮಾತಾಡಿಸಿ ನೋಡಿದಾಗ, ಮೆಟ್ಟಿಲುಗಳನ್ನು ಅವರು ಒಂದೊಂದಾಗಿಯೇ ಹತ್ತಿದ್ದು ಕಂಡಿತು. ತುದಿಗೆ ಮುಟ್ಟಿದವರು ಬಹಳ ವಿರಳ. ನಡುವಿನ ಮಟ್ಟದಲ್ಲಿಯೇ ನಿಂತವರು ಹೆಚ್ಚು.

ಕೋಲ್‌ಬರ್ಗ್ ಇದನ್ನು ಶಾಲೆಗೂ ತಂದರು. ೧೯೭೪ರಲ್ಲಿ ಮ್ಯಾಸಚೂಸೆಟ್ಸಿನ ಕೇಂಬ್ರಿಜ್ ಊರಿನಲ್ಲಿ ಕ್ಲಸ್ಟರ್ ಶಾಲೆ ಎಂಬುದು ಆರಂಭವಾಯಿತು. ಅಲ್ಲಿ ಶಾಲೆಯ ನಿಯಮಗಳನ್ನು ವಿದ್ಯಾರ್ಥಿಗಳೂ ಉಪಾಧ್ಯಾಯರೂ ಸಭೆ ಸೇರಿ ನಿರ್ಧರಿಸುವರು; ಮೇಷ್ಟರಿಗೂ ಒಂದು ಮತ, ಹುಡುಗನಿಗೂ ಒಂದು ಮತ. ಒಮ್ಮೆ ಒಬ್ಬ ಹುಡುಗಿಯ ಕೈಚೀಲದಿಂದ ಒಂಬತ್ತು ಡಾಲರ್ ಕಳುವಾಯಿತು. ಕದ್ದವರು ಯಾರೆಂದು ತಿಳಿಯಲಿಲ್ಲ. ಸಭೆಯಲ್ಲಿ ಬಹಳ ಚರ್ಚೆಯಾಗಿ, ಹಣ ಹಿಂದಕ್ಕೆ ಬರದಿದ್ದರೆ ಪ್ರತಿಯೊಬ್ಬರೂ ಹದಿನೈದು ಸೆಂಟಿನಂತೆ ಹಾಕಿ ಅವಳ ನಷ್ಟವನ್ನು ತುಂಬಿಕೊಡಬೇಕೆಂದು ತೀರ್ಮಾನವಾಯಿತು. ನಮ್ಮೊಳಗೊಬ್ಬಳ ಹಣ ಹೋದದ್ದು ನಮ್ಮೆಲ್ಲರ ಕೊರತೆ ಎಂಬುದು ಅವರ ವಾದ.

ಇದನ್ನು ನಮಗೆ ಪರಿಚಿತವಾದ ಇನ್ನೊಂದು ದೃಶ್ಯದೊಡನೆ ಹೋಲಿಸಿ ನೋಡಿ. ತರಗತಿಯಲ್ಲಿ ಯಾರೋ ಕೂಗಿದರು, ಯಾರೆಂದು ಹೇಳುವವರಿಲ್ಲ, ಇಡೀ ತರಗತಿ ಬೆಂಚಿನ ಮೇಲೆ ನಿಲ್ಲಬೇಕು. ಹೊರಗಿನಿಂದ ನೋಡಿದರೆ ಎರಡೂ ಒಂದೇ, ಒಬ್ಬನ ತಪ್ಪಿಗೆ ಎಲ್ಲರೂ ತೆತ್ತರು. ಆದರೆ ಮೊದಲನೆಯದನ್ನು ಅವರೇ ಹೊತ್ತುಕೊಂಡರು, ಎರಡನೆಯದನ್ನು ಹೇರಲಾಯಿತು. ತಪ್ಪಿತಸ್ಥ ಸಿಗದಾಗ ಎಲ್ಲರನ್ನೂ ಶಿಕ್ಷಿಸುವುದು ಅನ್ಯಾಯವೆಂದು ದೊಡ್ಡ ಮಕ್ಕಳು ಪಿಯಾಜೆಯವರಿಗೇ ಹೇಳಿದ್ದರು. ಬೆಂಚಿನ ಮೇಲೆ ನಿಂತ ನಿರಪರಾಧಿ ಹುಡುಗ ಆ ದಿನ ಶಿಸ್ತನ್ನು ಕಲಿಯುವುದಿಲ್ಲ. ಬಲವಿದ್ದವರು ನ್ಯಾಯವನ್ನು ನೋಡಬೇಕಾಗಿಲ್ಲ ಎಂಬುದನ್ನು ಕಲಿಯುತ್ತಾನೆ. ಆ ಪಾಠ ಯಾವ ನೀತಿಪಾಠದ ಪೀರಿಯಡ್ಡಿಗಿಂತಲೂ ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತದೆ.

ಕೋಲ್‌ಬರ್ಗ್ ಅವರ ಮೆಟ್ಟಿಲುಗಳಿಗೂ ಆಕ್ಷೇಪಣೆ ಬಂತು. ಅವರು ಮೊದಲು ಮಾತಾಡಿಸಿದವರೆಲ್ಲ ಹುಡುಗರೇ. ಅವರ ಸಹೋದ್ಯೋಗಿಯಾಗಿದ್ದ ಕ್ಯಾರಲ್ ಗಿಲಿಗನ್ ೧೯೮೨ರಲ್ಲಿ ಒಂದು ಪುಸ್ತಕ ಬರೆದು, ಹುಡುಗಿಯರ ಮಾತಿನಲ್ಲಿ ಬೇರೊಂದು ಧ್ವನಿ ಕೇಳುತ್ತದೆ ಎಂದರು. ಅದರಲ್ಲಿ ಬರುವ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಹೈನ್ಜನ ಪ್ರಶ್ನೆಗೆ ಕದಿಯಲಿ ಎಂದೂ ಹೇಳುವುದಿಲ್ಲ, ಸಾಯಲಿ ಎಂದೂ ಹೇಳುವುದಿಲ್ಲ. ಗಂಡ ಜೈಲಿಗೆ ಹೋದರೆ ಕಾಯಿಲೆಯವಳನ್ನು ನೋಡಿಕೊಳ್ಳುವವರು ಯಾರು? ಅಂಗಡಿಯವನ ಜೊತೆ ಇನ್ನೊಮ್ಮೆ ಮಾತಾಡಬಾರದೇ? ಎಂದು ಯೋಚಿಸುತ್ತಾಳೆ. ನ್ಯಾಯದ ತಕ್ಕಡಿಯೊಂದೇ ಅಲ್ಲ, ಒಬ್ಬರನ್ನೊಬ್ಬರು ನೋಡಿಕೊಳ್ಳುವ ಕಕ್ಕುಲಾತಿಯೂ ನೀತಿಯೇ ಎಂಬುದು ಗಿಲಿಗನ್ ಅವರ ವಾದದ ಸಾರ. ಹೆಣ್ಣಿಗೂ ಗಂಡಿಗೂ ನಡುವೆ ಅಷ್ಟು ವ್ಯತ್ಯಾಸವಿಲ್ಲವೆಂದು ಆಮೇಲಿನ ಪರೀಕ್ಷೆಗಳು ತೋರಿಸಿದರೂ, ಆ ಎರಡನೆಯ ಧ್ವನಿಯನ್ನು ಯಾರೂ ತಳ್ಳಿಹಾಕಲಿಲ್ಲ.

ಅದು ನಮ್ಮ ಮೈಸೂರಿಗೂ ಸಂಬಂಧಪಟ್ಟ ಮಾತಾಯಿತು. ಜೋನ್ ಮಿಲ್ಲರ್ ಎಂಬ ಅಮೆರಿಕದ ವಿದುಷಿ ಮತ್ತು ಅವರ ಸಂಗಡಿಗ ಬರ್ಸಾಫ್, ಅಮೆರಿಕದ ನ್ಯೂ ಹೇವನ್ ನಗರದವರನ್ನೂ ಮೈಸೂರಿನವರನ್ನೂ ಒಂದೇ ಬಗೆಯ ಪ್ರಶ್ನೆಗಳಿಂದ ಮಾತಾಡಿಸಿ ೧೯೯೨ರಲ್ಲಿ ಪ್ರಬಂಧ ಪ್ರಕಟಿಸಿದರು. ಒಂದು ಪ್ರಶ್ನೆ ಹೀಗೆ: ಆಪ್ತ ಗೆಳೆಯನ ಮದುವೆಗೆ ಉಂಗುರಗಳನ್ನು ತಲುಪಿಸಬೇಕಾದವನು ದಾರಿಯಲ್ಲಿ ಹಣ ಕಳೆದುಕೊಂಡಿದ್ದಾನೆ, ಹೊತ್ತಿಗೆ ಸರಿಯಾಗಿ ತಲುಪಬೇಕಾದರೆ ಬೇರೊಬ್ಬರ ರೈಲು ಟಿಕೆಟನ್ನು ಕದಿಯುವುದೊಂದೇ ದಾರಿ. ಏನು ಮಾಡಬೇಕು? ಅಮೆರಿಕದವರಲ್ಲಿ ಹೆಚ್ಚಿನವರು ಕದಿಯಬಾರದೆಂಬ ನ್ಯಾಯದ ಕಡೆ ನಿಂತರು. ಗೆಳೆಯನಿಗೆ ನೆರವಾಗುವುದು ಅವನವನ ಇಷ್ಟಕ್ಕೆ ಬಿಟ್ಟದ್ದೆಂದು ಭಾವಿಸಿದವರು ಅವರಲ್ಲಿ ಅನೇಕರು. ಮೈಸೂರಿನವರಲ್ಲಿ ಹೆಚ್ಚಿನವರಿಗೆ ಗೆಳೆಯನ ಕೆಲಸವನ್ನು ಕೆಡಿಸದಿರುವುದೇ ಕರ್ತವ್ಯವಾಗಿ ಕಂಡಿತು. ಇವರಲ್ಲಿ ಯಾರು ಮೇಲು, ಯಾರು ಕೀಳು ಎಂದು ಕೇಳುವುದು ವ್ಯರ್ಥ. ನಮ್ಮ ಮಗು ನೀತಿಯನ್ನು ಕಲಿಯುವುದು ಬಂಧುಬಳಗದ ನಡುವೆ. ಅದರ ಬಲವೂ ಅಲ್ಲಿದೆ, ತೊಡಕೂ ಅಲ್ಲಿದೆ. 'ನಮ್ಮವರು' ಎಂಬುವರಿಗೆ ಅನ್ನ ಹಾಕಲು ಹಿಂದುಮುಂದು ನೋಡದ ನಾವು, ಗುರುತಿಲ್ಲದವನ ಟಿಕೆಟ್ಟಿನ ವಿಷಯದಲ್ಲಿ ಅಷ್ಟೇ ಎಚ್ಚರವಾಗಿರುವುದನ್ನೂ ಮಕ್ಕಳಿಗೆ ಕಾಣಿಸಿಕೊಡಬೇಕಾಗಿದೆ.

ಹಾಗಾದರೆ ಕಥೆಗಳನ್ನು ಬಿಟ್ಟುಬಿಡಬೇಕೇ? ಎಂದಿಗೂ ಬೇಡ. ಕೇಳುವ ಪ್ರಶ್ನೆಯನ್ನು ಬದಲಾಯಿಸಿದರೆ ಸಾಕು. ಗೋವಿನ ಹಾಡನ್ನೇ ತೆಗೆದುಕೊಳ್ಳಿ. ಪುಣ್ಯಕೋಟಿಯ ಕಥೆಯನ್ನು ಅರಿಯದ ಕನ್ನಡದ ಮನೆಯಿಲ್ಲ. ಹುಲಿಗೆ ಕೊಟ್ಟ ಮಾತು ಒಂದು ಕಡೆ, ಹಾಲು ಕುಡಿಯುವ ಕರು ಇನ್ನೊಂದು ಕಡೆ. ಹೈನ್ಜನ ಕಥೆಗಿಂತ ಇದೇನು ಕಡಿಮೆಯ ಸಂಕಟವೇ? ಇಷ್ಟು ದೊಡ್ಡ ಸಂಕಟವನ್ನು ನಾವು 'ಮಾತು ತಪ್ಪಬಾರದು' ಎಂಬ ಎರಡು ಪದಕ್ಕೆ ಇಳಿಸಿ ಅಂಕ ಹಾಕಿಬಿಡುತ್ತೇವೆ. ಅದರ ಬದಲು, 'ಹಸಿದ ಹುಲಿಗೆ ಕೊಟ್ಟ ಮಾತನ್ನೂ ನಡೆಸಬೇಕೇ?' ಎಂದು ಕೇಳಿ ನೋಡಲಿ. 'ಕರುವನ್ನು ಕೇಳಿದ್ದರೆ ಅದು ಏನೆನ್ನುತ್ತಿತ್ತು?' 'ಕರುವನ್ನು ನೋಡಿಕೊಳ್ಳಿರೆಂದು ಪುಣ್ಯಕೋಟಿ ಒಪ್ಪಿಸಿಹೋದ ಆ ಬೇರೆ ಹಸುಗಳ ಮೇಲೆ ಬಿದ್ದ ಹೊರೆ ಎಂಥದು?' 'ಹುಲಿಯ ಮನಸ್ಸು ಬದಲಾದದ್ದು ಹೆದರಿಕೆಯಿಂದಲೋ, ನಾಚಿಕೆಯಿಂದಲೋ?' ಎಂದು ಕೇಳಲಿ. ಎರಡನೆಯ ತರಗತಿಯವರ ಉತ್ತರವೇ ಬೇರೆ, ಏಳನೆಯ ತರಗತಿಯವರ ಉತ್ತರವೇ ಬೇರೆ. ಒಬ್ಬನ ಉತ್ತರಕ್ಕೆ ಇನ್ನೊಬ್ಬ ಎದುರಾಡಲಿ. ತನಗಿಂತ ಒಂದು ಮೆಟ್ಟಿಲು ಮೇಲಿರುವ ಗೆಳೆಯನ ಮಾತು ಮಗುವಿಗೆ ಹತ್ತುತ್ತದೆ. ಹತ್ತು ಮೆಟ್ಟಿಲು ಮೇಲಿರುವ ಹಿರಿಯರ ಉಪದೇಶ ತಲೆಯ ಮೇಲಿನಿಂದ ಹಾದುಹೋಗುತ್ತದೆ.

ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಸರ್ಕಾರವೂ ಹಲವು ಸಲ ಎತ್ತಿಕೊಂಡಿದೆ. ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಮತಬೋಧನೆ ಕೂಡದೆಂದು ಸಂವಿಧಾನದ ೨೮ನೆಯ ವಿಧಿ ಹೇಳುತ್ತದೆ. ಹಾಗಾದರೆ ನೀತಿಯನ್ನು ಯಾವ ಬುನಾದಿಯ ಮೇಲೆ ಕಲಿಸುವುದು ಎಂದು ವಿಚಾರಮಾಡಲು ೧೯೫೯ರಲ್ಲಿ ಶ್ರೀಪ್ರಕಾಶ ಸಮಿತಿಯನ್ನು ನೇಮಿಸಲಾಯಿತು. ೧೯೬೪ರಿಂದ ೧೯೬೬ರ ವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ವಾರಕ್ಕೆ ಒಂದೆರಡು ಪೀರಿಯಡ್ಡುಗಳನ್ನು ಮೌಲ್ಯಶಿಕ್ಷಣಕ್ಕಾಗಿ ಮೀಸಲಿಡಬೇಕೆಂದಿತು. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆ ತನ್ನ ೧೭ನೆಯ ಪ್ರಕರಣದಲ್ಲಿ, ಮಗುವಿಗೆ ದೈಹಿಕ ಶಿಕ್ಷೆಯನ್ನಾಗಲಿ ಮಾನಸಿಕ ಕಿರುಕುಳವನ್ನಾಗಲಿ ಕೊಡಕೂಡದೆಂದು ನಿಷೇಧಿಸಿತು. ಇವುಗಳಲ್ಲಿ ಮಕ್ಕಳ ನೀತಿಗೆ ಹೆಚ್ಚು ಹತ್ತಿರವಾದದ್ದು ಈ ಕೊನೆಯದೆಂದೇ ನನ್ನ ಎಣಿಕೆ. ಬೆತ್ತವನ್ನು ಕೆಳಗಿಟ್ಟ ಉಪಾಧ್ಯಾಯರಿಗೆ ಕಾರಣ ಹೇಳದೆ ಗತ್ಯಂತರವಿಲ್ಲ. ಕಾರಣ ಕೇಳಿ ಬೆಳೆದ ಮಗುವಿಗೆ ಕಾರಣ ಕೊಡುವುದೂ ಅಭ್ಯಾಸವಾಗುತ್ತದೆ.

ಮನೆಯ ಮಾತಿಗೆ ಬರೋಣ. ಮಕ್ಕಳನ್ನು ತಿದ್ದುವ ಬಗೆಗಳನ್ನು ಮಾರ್ಟಿನ್ ಹಾಫ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ೧೯೬೦ರ ದಶಕದಲ್ಲಿ ಹೋಲಿಸಿ ನೋಡಿದರು. ಹೊಡೆತ ಬಡಿತ, ಬೆದರಿಕೆಗಳನ್ನೇ ನೆಚ್ಚಿದ ಮನೆಗಳ ಮಕ್ಕಳಿಗಿಂತ, 'ನೀನು ಹೀಗೆ ಮಾಡಿದ್ದರಿಂದ ಅವಳಿಗೆ ಏನಾಯಿತು ನೋಡು' ಎಂದು ಪರರ ನೋವಿನ ಕಡೆಗೆ ಕಣ್ಣು ತಿರುಗಿಸಿದ ಮನೆಗಳ ಮಕ್ಕಳಲ್ಲಿ, ಯಾರೂ ನೋಡದಿರುವಾಗಲೂ ತಪ್ಪನ್ನು ತಪ್ಪೆಂದು ಕಾಣುವ ಗುಣ ಹೆಚ್ಚಾಗಿ ಕಂಡಿತು.

ಇದಕ್ಕೆ ದುಡ್ಡು ಬೇಡ, ಪುಸ್ತಕ ಬೇಡ. ಸ್ವಲ್ಪ ತಾಳ್ಮೆ ಬೇಕು. ಮಗು ಗಾಜಿನ ಲೋಟ ಒಡೆದಾಗ ಚೂರುಗಳನ್ನು ಎಣಿಸುವುದಕ್ಕೆ ಮೊದಲು, ಅದು ಅಲ್ಲಿಗೆ ಹೋದದ್ದೇಕೆ ಎಂದು ಕೇಳಿ. ನೆರವಾಗಲೆಂದು ಲೋಟ ಎತ್ತಿದ ಮಗುವಿಗೂ ರೇಗಿ ಎಸೆದ ಮಗುವಿಗೂ ಒಂದೇ ಬೈಗುಳ ಬೀಳದಿರಲಿ. ತಂಗಿಯ ಬಳಪವನ್ನು ಮುರಿದವನಿಗೆ ಕಿವಿ ಹಿಂಡುವುದಕ್ಕಿಂತ, ತನ್ನ ಬಳಪವನ್ನು ಕೊಟ್ಟು ಸರಿಮಾಡಲು ಹೇಳಿ. ಮನೆಯ ನಿಯಮಗಳಲ್ಲಿ ಕೆಲವನ್ನಾದರೂ, ಟೆಲಿವಿಷನ್ನು ಎಷ್ಟು ಹೊತ್ತು, ಮೊಬೈಲು ಯಾವಾಗ, ಪಾತ್ರೆ ಒರೆಸುವ ಸರದಿ ಯಾರದು ಎಂಬಂಥವನ್ನು, ಮಕ್ಕಳನ್ನು ಕೂಡಿಸಿಕೊಂಡು ಮಾಡಿ. ಒಮ್ಮೆ ಮಾಡಿದಮೇಲೆ ನೀವೂ ಅದಕ್ಕೆ ಒಳಪಡಿ. ಅಪ್ಪನಿಗೆ ಸಲ್ಲದ ನಿಯಮ ತನಗೆ ಮಾತ್ರ ಏಕೆ ಎಂದು ಹತ್ತು ವರ್ಷದ ಮಗ ಕೇಳಿದರೆ ಅದನ್ನು ಎದುರು ಮಾತೆಂದು ಅಡಗಿಸಬೇಡಿ. ನ್ಯಾಯದ ಅರಿವು ಮೊಳೆಯುವುದು ಅಂಥ ಪ್ರಶ್ನೆಗಳಲ್ಲಿಯೇ.

ಕೊನೆಯದಾಗಿ ಒಂದು ಮಾತು. ಶಾಲೆಯ ಬಯಲೂ ಮನೆಯ ಮುಂದಿನ ಬೀದಿಯೂ ನಮ್ಮ ಪಟ್ಟಣಗಳಲ್ಲಿ ದಿನದಿನಕ್ಕೆ ಕಿರಿದಾಗುತ್ತಿವೆ. ಉಳಿದ ಸಂಜೆಯ ಹೊತ್ತನ್ನೂ ಮನೆಪಾಠಗಳು ನುಂಗುತ್ತಿವೆ. ಮಕ್ಕಳು ಗುಂಪುಗೂಡಿ, ಹಿರಿಯರ ಕಣ್ಣಿಂದ ತುಸು ದೂರದಲ್ಲಿ, ಸರದಿಗಾಗಿ ಜಗಳವಾಡಿ, 'ಅದು ಔಟು', 'ಅಲ್ಲ' ಎಂದು ಕೂಗಾಡಿ, ಮತ್ತೆ ರಾಜಿಯಾಗಿ ಆಡುವ ಒಂದು ಗಂಟೆಯನ್ನು ಕಾಲಹರಣವೆಂದು ಕಡಿದುಹಾಕುವ ಮೊದಲು ಇನ್ನೊಮ್ಮೆ ಯೋಚಿಸಿ. ಜಗಳ ಕೇಳಿಸಿದ ಕೂಡಲೆ ಓಡಿಹೋಗಿ ತೀರ್ಪು ಹೇಳಬೇಡಿ. ಪೆಟ್ಟಾಗದಂತೆ ನೋಡಿಕೊಂಡು ಐದು ನಿಮಿಷ ಕಾದು ನೋಡಿ. ಹೆಚ್ಚಿನ ಸಲ ಆ ನಿಯಮವನ್ನು ಅವರೇ ಮಾಡಿಕೊಳ್ಳುತ್ತಾರೆ.